ಜೀನ್ಸ್ ತೊಟ್ಟ ಬಾಟಲಿ

ಔಷಧಿಯ ಬಾಟಲಿಗೆ ಬೆಳಕು ತಾಗಬಾರದು ಎಂಬುದು ವೈದ್ಯರ ನಿಯಮ. ಸರ್ಕಾರಿ ಔಷಧಿಗೆ ಖಾಸಗಿ ಬಟ್ಟೆ ತಾಗಬಾರದು ಎಂಬುದು ಕಚೇರಿಯ ನಿಯಮ. ಕೊರೊನಾದ ಎರಡನೆಯ ಅಲೆ ಇಳಿದ ಮೇಲೆ, ರಾಯದುರ್ಗದ ಒಂದು ಕಲ್ಯಾಣಮಂಟಪದಲ್ಲಿ ತಾತ್ಕಾಲಿಕವಾಗಿ ತೆರೆದ ಕಪ್ಪು ಶಿಲೀಂಧ್ರ ಚಿಕಿತ್ಸಾ ಕೇಂದ್ರದಲ್ಲಿ ಈ ಎರಡೂ ನಿಯಮಗಳನ್ನು ಒಟ್ಟಿಗೇ ಪಾಲಿಸಲಾಯಿತು.

ಮೈಲಾರಮ್ಮ ಊರಿನ ಜೀನ್ಸ್ ಯೂನಿಟ್ಟೊಂದರಲ್ಲಿ ಪ್ಯಾಂಟಿಗೆ ಜಿಪ್ ಕೂಡಿಸುವವಳು. ಗಂಡ ಸೂರಪ್ಪ ಅಲ್ಲೇ ಪ್ಯಾಂಟು ಒಗೆಯುವ ಕಡೆ ಇದ್ದ. ಕೊರೊನಾ ಬಿಟ್ಟಿತು ಅನ್ನುವಷ್ಟರಲ್ಲಿ ಅವನ ಮೂಗಿನೊಳಗೆ ಶಿಲೀಂಧ್ರ ಮನೆಮಾಡಿತು. ಅನಂತಪುರದ ಡಾಕ್ಟರು ಮೂಗು ಕೆರೆದು ಸ್ವಚ್ಛಮಾಡಿ, "ಉಳಿದದ್ದನ್ನು ನರಕ್ಕೆ ಬಿಡುವ ಆಂಫೊಟೆರಿಸಿನ್ ಔಷಧಿಯೇ ಕೊಲ್ಲಬೇಕು. ತಡವಾದರೆ ಬಲಗಣ್ಣು ಉಳಿಯದು" ಎಂದು ಊರಿಗೆ ಕಳಿಸಿದ್ದರು.

ಕೇಂದ್ರದ ಮಂಚವೊಂದರಲ್ಲಿ ಅವನನ್ನು ಮಲಗಿಸಿದ್ದಾಯಿತು. ಔಷಧಿಯೂ ಬಂದಿತ್ತು. ಬಾಟಲಿಗೆ ತೊಡಿಸುವ ಕಪ್ಪು ಚೀಲ ಬಂದಿರಲಿಲ್ಲ.

"ನನ್ನ ಸೆರಗು ಹರಿದು ಸುತ್ತಲೇನ್ರಿ ಸಾರ್?" ಎಂದಳು ಮೈಲಾರಮ್ಮ.

"ಅದು ಖಾಸಗಿ ಸೆರಗಮ್ಮಾ," ಎಂದ ಕೇಂದ್ರದ ಮೇಲ್ವಿಚಾರಕ ರಘುನಾಥ್. "ಆಡಿಟ್‌ನೋರು ಒಪ್ಪಂಗಿಲ್ಲ. ಹೊಸಾದು ಹೊಲಿಸಿ ದಾನ ಅಂತ ಕೊಡು, ತಗಂತೀವಿ."

ಮೈಲಾರಮ್ಮ ಯೂನಿಟ್ಟಿಗೆ ಓಡಿದಳು. ಅಲ್ಲಿ ಒಬ್ಬರೇ ಒಂದು ಪ್ಯಾಂಟು ಹೊಲಿಯುವ ಪದ್ಧತಿಯಿಲ್ಲ. ತನ್ನ ಪಾಲಿನದು ಹೊಲಿದು ಮುಂದಿನವರಿಗೆ ದಾಟಿಸಬೇಕು. ಅವಳು ಅಂಗೈಯಗಲದ ಬಟ್ಟೆಗೆ ಜಿಪ್ ಕೂಡಿಸಿ ದಾಟಿಸಿದಳು. ಜೇಬಿನವಳು ಜೇಬಿಟ್ಟಳು. ಗುಂಡಿಯವಳು ಗುಂಡಿ ಹಾಕಿದಳು. ಕಾಲಿನವನು ಎರಡು ಕಾಲು ಕೂಡಿಸಿದ. ಬಾಟಲಿಗೆ ಕಾಲೆಲ್ಲಿವೆ ಎಂದು ಯಾರೂ ಕೇಳಲಿಲ್ಲ. ಕೇಳುವುದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ. ಮೊಣಕಾಲಿಗೆ ಫ್ಯಾಶನ್ ತೂತು ಕೊರೆಯಲು ಬಂದವನನ್ನು ಮಾತ್ರ ಅವಳು ತಡೆದಳು. "ಬೆಳಕು ಬೀಳ್ತತೋ ಮಾರಾಯಾ!"

ನರ್ಸ್ ಕೃಷ್ಣವೇಣಿ ಬಾಟಲಿಗೆ ತೊಡಿಸಿ ನೋಡಿದಳು. ಸೊಂಟದಲ್ಲಿ ಸರಿಯಾಗಿ ಕೂತಿತು. "ಔಷಧಿ ಎಷ್ಟಿಳೀತು ಅಂತ ನೋಡಾಕ ಜಿಪ್ ಚಲೋ ಆತು ಬಿಡವ್ವ," ಎಂದಳು.

ರಘುನಾಥ್ ಕನ್ನಡಕ ಏರಿಸಿ ಪರಿಶೀಲಿಸಿದ. "ಇದು ಚೀಲ ಅಲ್ಲ, ಉಡುಪು. ದಾನದ ಉಡುಪು ಒಳರೋಗಿಗೆ ಮಾತ್ರ ಕೊಡಬೇಕಂತ ಸರ್ಕಾರದ ಆದೇಶ, ಜೀವೋ, ಐತಿ."

"ಹಂಗಾರ ಬಾಟ್ಲೀನ ಒಳರೋಗಿ ಅಂತ ಸೇರಿಸ್ಕಳ್ರಿ!" ಮೈಲಾರಮ್ಮನಿಗೆ ಪಿತ್ತ ನೆತ್ತಿಗೇರಿತ್ತು. "ಅಲ್ಲಿ ನಮ್ಮ ಮನಿಯಾರ ಕಣ್ಣು ಹೋಗಾಕತ್ತೈತಿ!"

ರಘುನಾಥ್ ಸಿಟ್ಟಾಗಲಿಲ್ಲ. ಸಾರ್ವಜನಿಕರ ಸಲಹೆಗೆ ಬೆಲೆ ಕೊಡುವ ಅಧಿಕಾರಿ ಅವನು. ಗಳಿಗೆಯೊಳಗೆ ಗೋಡೆಗೆ ಪ್ರಕಟಣೆ ಬಿತ್ತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಾಟಲಿಯನ್ನು ಒಳರೋಗಿಯನ್ನಾಗಿ ದಾಖಲಿಸಿಕೊಳ್ಳಲಾಗಿದೆ. ಒಂದು ಮಂಚಕ್ಕೆ ಒಬ್ಬರೇ ರೋಗಿ ಎಂಬ ನಿಯಮದಂತೆ ಸೂರಪ್ಪ ಎಂಬುವರು ಮಂಚ ತೆರವು ಮಾಡಿ, ಸದರಿ ಬಾಟಲಿಯ ಆರೈಕೆಗೆ ನಿಲ್ಲತಕ್ಕದ್ದು."

"ನಿಲ್ಲಾಕ ಆಗಂಗಿಲ್ಲ ಸಾರ್," ಎಂದ ಸೂರಪ್ಪ, ಗೋಡೆ ಹಿಡಿದು.

"ಮಲಗಿ ನಿಲ್ಲಪ್ಪಾ, ಅಡ್ಡಿಯಿಲ್ಲ."

ಮಂಚದ ಮೇಲಿನ ಬಾಟಲಿಯಿಂದ ಪಕ್ಕದಲ್ಲೇ ಮಲಗಿದ ಮನುಷ್ಯನಿಗೆ ಹನಿ ಸರಿಯಾಗಿ ಇಳಿಯದು, ಬಾಟಲಿಯನ್ನು ಕಂಬಿಗೆ ತೂಗುಹಾಕಬೇಕೆಂದು ಕೃಷ್ಣವೇಣಿ ಆಕ್ಷೇಪಿಸಿದಳು. ರೋಗಿಯನ್ನು ಕಂಬಿಗೆ ನೇತುಹಾಕುವುದು ಅಪರಾಧವೆಂದು ರಘುನಾಥ್ ನೆನಪಿಸಿದ. ಕಲ್ಯಾಣಮಂಟಪಕ್ಕೆ ವೇದಿಕೆ ಇದ್ದದ್ದು ಅನುಕೂಲವಾಯಿತು. ವಧೂವರರು ಕೂರುವ ಜಾಗದಲ್ಲಿ ಮಂಚ ಹಾಕಿ, ಜೀನ್ಸ್ ತೊಟ್ಟ ರೋಗಿಯನ್ನು ತಲೆ ಅಂಚಿನಿಂದ ಕೆಳಗೆ ಬಾಗುವಂತೆ ಮಲಗಿಸಿದರು. ವೇದಿಕೆಯ ಬುಡದಲ್ಲಿ, ಚಾಪೆಯ ಮೇಲೆ, ಆರೈಕೆದಾರ ಸೂರಪ್ಪ ತೋಳು ಚಾಚಿದ.

"ಆರೈಕೆದಾರರಿಗೆ ಸೂಜಿ ಚುಚ್ಚಬಹುದೇನ್ರಿ?" ಎಂದು ಮೈಲಾರಮ್ಮ ಅಂಜಿ ಕೇಳಿದಳು. ಈಗ ಅವಳಿಗೂ ನಿಯಮಗಳ ಮೇಲೆ ಗೌರವ ಹುಟ್ಟಿತ್ತು.

"ರಕ್ತಸಂಬಂಧಿ ಆದ್ರ ಚುಚ್ಚಬೌದು," ಎಂದ ರಘುನಾಥ್. ಸೂಜಿ ನರಕ್ಕಿಳಿಯಿತು, ಸಂಬಂಧ ಕೂಡಿತು.

ಹಳದಿ ಔಷಧಿ ಹನಿಹನಿಯಾಗಿ ಇಳಿಯುತ್ತಿದ್ದಂತೆ ಸೂರಪ್ಪನಿಗೆ ಗಡಗಡ ನಡುಕ ಬಂತು. ಈ ಔಷಧಿಯ ಗುಣವೇ ಹಾಗೆ. ಕೃಷ್ಣವೇಣಿ ಹನಿಯ ವೇಗ ತಗ್ಗಿಸಿದಳು. ಕಂಬಳಿ ಮಾತ್ರ ಒಳರೋಗಿಯ ಹಕ್ಕು, ಆದ್ದರಿಂದ ಅದನ್ನು ಬಾಟಲಿಗೆ ಹೊದಿಸಿದಳು. ಅದು ಜಾರಿ ಸೂರಪ್ಪನ ಮೇಲೆ ಬಿತ್ತು. ಜಾರಿದ ಕಂಬಳಿಯ ಕುರಿತು ಜೀವೋ ಇರಲಿಲ್ಲ.

ಸಂಜೆಗೆ ಬಾಟಲಿ ಖಾಲಿಯಾಯಿತು. ರಘುನಾಥ್ ಜಿಪ್ ಇಳಿಸಿ ನೋಡಿ, ಒಳಗೆ ಯಾವ ಶಿಲೀಂಧ್ರವೂ ಇಲ್ಲವೆಂದು ಖಚಿತಪಡಿಸಿಕೊಂಡು, ಪೂರ್ಣ ಗುಣಮುಖವೆಂದು ಬಿಡುಗಡೆ ಮಾಡಿದ. ದಾನದ ಉಡುಪು ವಾಪಸು ಪಡೆಯುವಂತಿಲ್ಲವಾದ್ದರಿಂದ ಬಾಟಲಿ ಅದನ್ನು ತೊಟ್ಟುಕೊಂಡೇ ಹೋಯಿತು. ಮರುದಿನ ಇನ್ನೊಂದು ಬಾಟಲಿ ಸೇರಿತು, ಅದರ ಮರುದಿನ ಮತ್ತೊಂದು. ಯೂನಿಟ್ಟಿನವರು ದಿನಕ್ಕೊಂದು ಪ್ಯಾಂಟು ದಾಟಿಸುತ್ತಲೇ ಇದ್ದರು. ಸೇರಿದ ರೋಗಿಗಳೆಲ್ಲ ಅಂದಂದೇ ಗುಣವಾಗುವ ಏಕೈಕ ಕೇಂದ್ರವೆಂದು ಮೇಲಿನವರು ರಘುನಾಥನಿಗೆ ಶಾಲು ಹೊದಿಸಿದರು.

ಸೂರಪ್ಪನ ಕಣ್ಣು ಉಳಿಯಿತು. ಅವನಿಗೆ ರೋಗವಿತ್ತೆಂದು ಎಲ್ಲೂ ದಾಖಲೆಯಿಲ್ಲದ ಕಾರಣ, ಬಿಡುಗಡೆಯ ಅಗತ್ಯ ಬೀಳಲಿಲ್ಲ. ಚಾಪೆ ಸುತ್ತಿಟ್ಟು ಮನೆಗೆ ನಡೆದ.

ಮೈಲಾರಮ್ಮ ಮತ್ತೆ ಮಷೀನಿಗೆ ಕೂತ ದಿನ, ಪಕ್ಕದ ಎರ್ರಮ್ಮ ವಿಚಾರಿಸಿದಳು. "ನಿಮ್ಮ ಮನಿಯಾರು ಹೆಂಗದಾರವ್ವ?"

"ಅವರಿಗೇನಾಗಿತ್ತೇ?" ಎಂದಳು ಮೈಲಾರಮ್ಮ, ಜಿಪ್ ಎಳೆದು ನೋಡುತ್ತ. "ಬಾಟ್ಲಿಗಳಿಗೇ ಮೈಯಾಗ ಹುಷಾರಿದ್ದಿಲ್ಲ. ಪಾಪ, ದಿನಾ ಒಂದೊಂದು ವಾಸಿಯಾಗಿ ಹೋದವು."

ಎರ್ರಮ್ಮ ನಿಟ್ಟುಸಿರಿಟ್ಟಳು. "ಹೋಗ್ಲಿ ಬಿಡು, ಎಲ್ಲಿದ್ರೂ ಚೆಂದಾಗಿರ್ಲಿ. ಪ್ಯಾಂಟು ಬಿಗಿ ಆಗಿದ್ದಿಲ್ಲ ಹೌದಿಲ್ಲೋ?"