ಅಕ್ಷರಕ್ಕೆ ಐವತ್ತು

ಬ್ಯಾಂಕಿನವರು ಕಳಿಸುವ ಕಾಗದಗಳ ಒಂದು ದೊಡ್ಡ ಗುಣವೆಂದರೆ ಅವುಗಳ ಹಿಂಬದಿ ಖಾಲಿ ಇರುತ್ತದೆ. ಪೇಂಟರು ಗಮನಿಸಿದ್ದು ಆ ಗುಣವನ್ನು ಮಾತ್ರ. ಅಂಗಡಿಗಳಿಗೆ ಬೋರ್ಡು ಬರೆದು ಬದುಕುವವರು. ಬರೆಯುವ ಮುಂಚೆ ಎಲ್ಲಾದರೂ ಗೀಚಿ ನೋಡಬೇಕಲ್ಲ. ಹಾಗಾಗಿ ಮನೆ ಸಾಲದ ನಾಲ್ಕು ಕಂತು ತಪ್ಪಿರುವ ಸುದ್ದಿ ಅವರ ಹೆಂಡತಿಗೆ ತಿಳಿದದ್ದು ‘ಹೊಚ್ಚ ಹೊಸ ಚಪ್ಪಲಿಗಳು ದೊರೆಯುತ್ತವೆ’ ಎಂಬ ಸೊಗಸಾದ ಬರಹದ ಬೆನ್ನಲ್ಲಿ.

“ಏನ್ರೀ ಇದು?”

“ಚಪ್ಪಲಿ ಅಂಗಡಿ ಬೋರ್ಡು. ಕೊನೇ ಗಳಿಗೇಲಿ ಅವರು ಪ್ರಿಂಟ್ ಹಾಕಿಸ್ಬಿಟ್ರು.”

“ತಿರುಗಿಸಿ ನೋಡಿ.”

ನೋಡುವ ಅಗತ್ಯ ಪೇಂಟರಿಗಿರಲಿಲ್ಲ. ತಿಂಗಳ ಕೊನೆಯೊಳಗೆ ನಾಲ್ಕೂ ಕಂತು ಕಟ್ಟದಿದ್ದರೆ ಮನೆ ಹರಾಜು ಎಂಬ ವಾಕ್ಯ ಅವರಿಗೆ ಬಾಯಿಪಾಠವಾಗಿತ್ತು. (ಆ ವಾಕ್ಯದ ಅಕ್ಷರಗಳು ಬಲು ಕಳಪೆ, ಅಂತರವೇ ಸರಿಯಿಲ್ಲ ಎಂದು ಅವರು ಒಳಗೊಳಗೇ ತೀರ್ಪನ್ನೂ ಕೊಟ್ಟಿದ್ದರು.) ಹೆಂಡತಿ ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು, “ನಡೀರಿ ಬ್ಯಾಂಕಿಗೆ” ಎಂದಳು.

ವಸೂಲಿ ಅಧಿಕಾರಿಯನ್ನು ಸಾಲಗಾರರೆಲ್ಲ ‘ದಯವಿಟ್ಟು ಸಾಹೇಬರು’ ಎಂದೇ ಕರೆಯುತ್ತಿದ್ದರು. ದಯವಿಟ್ಟು ಎನ್ನದೆ ಅವರು ಇದುವರೆಗೆ ಯಾರ ಮನೆಯನ್ನೂ ಕಿತ್ತುಕೊಂಡವರಲ್ಲ.

“ದಯವಿಟ್ಟು ಕೂತ್ಕೊಳ್ಳಿ. ಕಸುಬೇನು ಅಂದ್ರಿ? ಬೋರ್ಡು ಬರೆಯೋದಾ?” ಸಾಹೇಬರ ಮುಖ ಅರಳಿತು. ಕಂತು ತಪ್ಪಿಸಿದವರ ಮನೆಗೋಡೆಯ ಮೇಲೆ ‘ಈ ಸ್ವತ್ತು ಬ್ಯಾಂಕಿನ ಸ್ವಾಧೀನದಲ್ಲಿದೆ’ ಎಂದು ಬರೆಸುವುದು ಅವರ ಬ್ಯಾಂಕಿನ ಪದ್ಧತಿ. ಬರೆಯುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ. ಹನ್ನೊಂದು ಗೋಡೆಗಳು ಕಾದಿದ್ದವು. ಅಕ್ಷರಕ್ಕೆ ಐವತ್ತು.

ಮನೆಗೆ ಬಂದು ಹೆಂಡತಿ ಬೆರಳು ಮಡಿಸಿದಳು. “ಹನ್ನೆರಡೇ ಅಕ್ಷರ. ಹನ್ನೊಂದು ಮನೆಗೆ ಬರೆದ್ರೂ ಒಂದು ಕಂತಿಗೆ ಸರಿಹೋಗುತ್ತೆ, ಅಷ್ಟೆ.”

ಆಗ ಪೇಂಟರ ತಲೆಯಲ್ಲಿ ಆ ಮಹದಾಲೋಚನೆ ಹುಟ್ಟಿತು. ಇಪ್ಪತ್ತು ವರ್ಷ ಅಂಗಡಿಯವರು “ಅಕ್ಷರ ಕಡಿಮೆ ಮಾಡಿ” ಎಂದು ಜೀವ ತಿಂದಿದ್ದರು. ಈಗ ಕಡಿಮೆ ಮಾಡು ಎನ್ನುವವರಿಲ್ಲ. ಒಂದು ಸಂಜೆ ಕೂತು ಅವರು ರಚಿಸಿದ ವಾಕ್ಯ ಹೀಗಿತ್ತು: ‘ಸಮಸ್ತ ಸಾರ್ವಜನಿಕರ ಗಮನಕ್ಕೆ ತರಬಯಸುವುದೇನೆಂದರೆ ಈ ಸ್ಥಿರ ಸ್ವತ್ತು ಬ್ಯಾಂಕಿನ ಸಂಪೂರ್ಣ ಸ್ವಾಧೀನದಲ್ಲಿರುತ್ತದೆ.’ ನಲವತ್ತೆರಡು ಅಕ್ಷರ. ಮೂರು ಗೋಡೆಗೆ ಸರಿಯಾಗಿ ಒಂದು ಕಂತು.

“ಒತ್ತಕ್ಷರಕ್ಕೆ ಬೇರೆ ದುಡ್ಡು ಕೇಳಿ” ಎಂದಳು ಹೆಂಡತಿ.

ಒತ್ತಕ್ಷರಕ್ಕೆ ಸಾಹೇಬರು ಒಪ್ಪಲಿಲ್ಲ. ವಾಕ್ಯಕ್ಕೆ ಮಾತ್ರ ತಕ್ಷಣ ಒಪ್ಪಿದರು. “ಗಾಂಭೀರ್ಯ ಇದೆ. ಹೀಗೇ ಬರೀರಿ.” ಒಂದು ಬ್ಯಾಂಕು ಇಷ್ಟು ಸಲೀಸಾಗಿ ಕೈ ಬಿಚ್ಚಿದ್ದು ಕಂಡಾಗಲೇ ಪೇಂಟರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೊದಲ ಗೋಡೆ, ಪೇಂಟರಿಗೆ ಹದಿನೈದು ವರ್ಷದಿಂದ ಗಡ್ಡ ಬೋಳಿಸುತ್ತ ಬಂದ ಕ್ಷೌರದಂಗಡಿಯವರದು. ಪೇಂಟರು ಏಣಿ ಇಳಿಸಿ, ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬಣ್ಣದ ಡಬ್ಬಿಯೊಳಗೆ ನೋಡುತ್ತ ನಿಂತರು. ಕ್ಷೌರದಂಗಡಿಯವರೇ ಬಂದು ಏಣಿ ಹಿಡಿದುಕೊಂಡರು.

“ಬರೀರಿ ಅಣ್ಣಾ. ಯಾರೋ ಬಂದು ಕೆಟ್ಟದಾಗಿ ಬರೆಯೋದಕ್ಕಿಂತ ವಾಸಿ. ಇದೇನು, ಇಷ್ಟುದ್ದ?”

“ಈಗ ಹೀಗೇ ಬರೆಸ್ತಾರೆ” ಎಂದರು ಪೇಂಟರು. ಅಷ್ಟು ಸಣ್ಣ ಸುಳ್ಳು ಹೇಳುವಾಗಲೂ ‘ಸಮಸ್ತ’ದ ಕೊನೆಯ ಅಕ್ಷರ ಸ್ವಲ್ಪ ವಾಲಿತು.

ಎರಡನೆಯ ಗೋಡೆಯ ಹೊತ್ತಿಗೆ ನಾಚಿಕೆ ಅರ್ಧವಾಯಿತು. ಐದನೆಯದಕ್ಕೆ ಅವರು ಅಕ್ಷರಗಳಿಗೆ ನೆರಳು ಹಾಕತೊಡಗಿದರು. ಹೆಂಡತಿಗೆ ಮನೆಗಳು ಲೆಕ್ಕಕ್ಕೇ ಇರಲಿಲ್ಲ, ಗೋಡೆಗಳಷ್ಟೇ ಇದ್ದವು. “ಇನ್ನೂ ಒಬ್ರು ಕಂತು ತಪ್ಪಿಸಿದ್ರೆ ನಾವು ಬಚಾವು” ಎಂದು ಒಂದು ದಿನ ಊಟದ ನಡುವೆ ಹೇಳಿ, ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟಳು.

ಹನ್ನೊಂದೂ ಮುಗಿದವು. ನಾಲ್ಕು ಕಂತಿಗೆ ಬೇಕಾದದ್ದು ಹನ್ನೆರಡು ಗೋಡೆ.

“ಇನ್ನೊಂದು ಗೋಡೆ ಇದ್ಯಾ ಸಾರ್?” ಪೇಂಟರು ಸಾಹೇಬರನ್ನು ಕೇಳಿದರು.

“ಒಂದಿದೆ. ದಯವಿಟ್ಟು ಬೇಜಾರು ಮಾಡ್ಕೋಬೇಡಿ. ನಿಮ್ದೇ.”

ಹೆಂಡತಿ ಬೈಯುತ್ತಾಳೆಂದು ಪೇಂಟರು ಬೀದಿ ಸುತ್ತಿ ತಡವಾಗಿ ಮನೆಗೆ ಹೋದರು. ಅವಳು ಬೈಯಲಿಲ್ಲ. ಮರುದಿನ ಏಣಿ ಹಿಡಿದುಕೊಂಡಳು. ಬೀದಿಯವರು ನಿಂತು ಓದಿದರು. ಪಕ್ಕದ ಮನೆಯಾಕೆ ಅರ್ಥ ಕೇಳಿದಾಗ, “ಬಾಕಿ ತೀರಿಸೋಕೆ ಬರೀತಿದ್ದೀವಿ” ಎಂದು ಹೆಂಡತಿ ನಿಜವನ್ನೇ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ. ‘ಸಂಪೂರ್ಣ’ ಎಂದು ಬರೆಯುವಾಗ ಕೆಳಗಿನಿಂದ ಮೂಗು ಸೀಟುವ ಸದ್ದು ಕೇಳಿತು. ಪೇಂಟರು ತಿರುಗಿ ನೋಡಲಿಲ್ಲ. ಅಷ್ಟು ಅವಮಾನ ಅವರಿಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ತಿಂಗಳ ಕೊನೆಯ ದಿನ ದಂಪತಿಗಳು ಬ್ಯಾಂಕಿಗೆ ಹೋಗಿ ನಾಲ್ಕು ಕಂತಿನ ದುಡ್ಡು ಎಣಿಸಿಟ್ಟರು. ಸಾಹೇಬರು ಕಂಪ್ಯೂಟರಿನ ಗುಂಡಿಗಳನ್ನು ಒತ್ತಿದರು.

“ಕಂತು ಪೂರ್ತಿ ಸಂದಾಯ. ಇನ್ನು ಉಳಿದಿದ್ದು ಗೋಡೆ ಬರಹದ ಶುಲ್ಕ. ಮೇಲ್ವಿಚಾರಣೆ ಸೇರಿ ಅಕ್ಷರಕ್ಕೆ ನೂರು. ನಿಮ್ದು ನಲವತ್ತೆರಡು ಅಕ್ಷರ.”

“ಆ ದುಡ್ಡು ಬ್ಯಾಂಕಿಂದು ಅಲ್ವಾ?”

“ಬ್ಯಾಂಕು ಯಾಕೆ ಕೊಡುತ್ತೆ? ತಪ್ಪಿಸಿದೋರು ಕೊಡ್ಬೇಕು. ಶುಕ್ರವಾರದೊಳಗೆ ಕಟ್ಟದಿದ್ರೆ ದಯವಿಟ್ಟು ಮತ್ತೆ ಹರಾಜಿನ ಪಟ್ಟಿಗೆ ಹಾಕ್ಬೇಕಾಗುತ್ತೆ.”

“ಅಂದ್ರೆ ಆ ಹನ್ನೊಂದು ಮನೆಯೋರಿಗೂ...”

“ಎಲ್ಲರಿಗೂ.”

‘ತರಬಯಸುವುದೇನೆಂದರೆ’ ಎಂಬ ಹತ್ತು ಅಕ್ಷರವನ್ನು ಪೇಂಟರು ಬೆರಳು ಮಡಿಸಿ ಎಣಿಸಿದರು. ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಕ್ಷೌರದಂಗಡಿಯವರು ಅದಕ್ಕೆ ಒಂದು ಸಾವಿರ ತೆರಬೇಕಿತ್ತು.

“ಆದ್ರೆ ಅವರು ಯಾರೂ ಕಟ್ಟಿಲ್ಲ” ಎಂದರು ಸಾಹೇಬರು. “ಬರೆದೋನು ಮೋಸ ಮಾಡಿದಾನೆ ಅಂತ ಹನ್ನೊಂದು ಜನಾನೂ ದೂರು ಕೊಟ್ಟಿದಾರೆ. ವಿಚಾರಣೆ ಮುಗಿಯೋವರೆಗೆ, ಆರು ತಿಂಗಳು, ದೂರು ಕೊಟ್ಟೋರಿಂದ ಶುಲ್ಕ ಕೇಳೋ ಹಾಗಿಲ್ಲ. ನಿಯಮ.”

ಹೆಂಡತಿ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. “ಇನ್ನೊಂದು ದೂರಿನ ಫಾರಂ ಕೊಡಿ.”

ಅವಳು ಬರೆಯುತ್ತ ಹೋದಳು. ಅಕ್ಷರಕ್ಕೆ ಬ್ಯಾಂಕು ದುಡ್ಡು ಕೇಳದ ಕಡೆ ಅವಳ ಕೈ ಇಷ್ಟು ಧಾರಾಳ ಎಂದು ಪೇಂಟರಿಗೆ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ಸಾಹೇಬರು ಓದಿ ತಲೆದೂಗಿದರು.

“ಸಾಲ ಇಬ್ಬರ ಹೆಸರಲ್ಲಿದೆ. ದಯವಿಟ್ಟು ಇಬ್ಬರೂ ಸಹಿ ಹಾಕಿ.”

ಪೇಂಟರು ಕಾಗದ ಎಳೆದುಕೊಂಡು ಓದಿದರು. ‘ಸದರಿ ಪೇಂಟರು ದುರಾಸೆಯಿಂದ ಬೇಡದ ಅಕ್ಷರ ತುರುಕಿ ಕಷ್ಟದಲ್ಲಿದ್ದವರನ್ನು ಲೂಟಿ ಮಾಡಿರುತ್ತಾರೆ.’

“ಲೂಟಿ ಅನ್ನೋದು ಜಾಸ್ತಿ ಆಗ್ಲಿಲ್ವಾ?” ಅವರು ಮೆಲ್ಲಗೆ ಕೇಳಿದರು.

“ಮನೆ ಬೇಕೋ ಬೇಡ್ವೋ?”

ಪೇಂಟರು ತಮ್ಮ ಮೇಲಿನ ದೂರಿಗೆ ಅಂದವಾಗಿ ಸಹಿ ಹಾಕಿದರು.