ಸಂಗಮೇಶನ ಪರ್ಮಿಟ್ ಪಟ್ಟಿ

ಆ ಶನಿವಾರ ಮ್ಯಾಚ್ ಇರದಿದ್ದರೆ ಸಂಗಮೇಶ ತನ್ನ ಪಾಡಿಗೆ ತಾನು ಇರುತ್ತಿದ್ದ. ಬಿಟಿಎಂ ಲೇಔಟಿನ ಆ ಐದಂತಸ್ತಿನ ಕಟ್ಟಡಕ್ಕೆ ಇಂಟರ್‌ನೆಟ್ ಲೈನು ಒಂದೇ. ಅಕ್ಕಪಕ್ಕದ ಕಟ್ಟಡಗಳು ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದರಿಂದ ಮೊಬೈಲ್ ಸಿಗ್ನಲ್ ತಾರಸಿ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಮ್ಯಾಚ್ ಬಂತೆಂದರೆ ಇಪ್ಪತ್ತೆರಡು ಮನೆಯವರೂ ಒಟ್ಟಿಗೆ ನೋಡುತ್ತಿದ್ದರು, ಯಾರಿಗೂ ಪೂರ್ತಿ ಕಾಣುತ್ತಿರಲಿಲ್ಲ.

ಅವತ್ತೇ ನಾಲ್ಕು ಗಂಟೆಗೆ ಸಂಗಮೇಶನಿಗೆ ದೊಡ್ಡ ಕಂಪನಿಯೊಂದರ ವಿಡಿಯೋ ಇಂಟರ್‌ವ್ಯೂ ಇತ್ತು. ನೆಟ್‌ವರ್ಕ್ ಇಂಜಿನಿಯರ್ ಕೆಲಸ. ಇಳಕಲ್ಲಿನಿಂದ ಬಂದು ಎರಡು ವರ್ಷ ಅಂಗಡಿಗಳಿಗೆ ಕ್ಯಾಮೆರಾ ತೂಗುಹಾಕುತ್ತಾ ಏಣಿಯ ಮೇಲೇ ಬದುಕಿದ್ದವನಿಗೆ ನೆಲದ ಮೇಲೆ ಕುರ್ಚಿ ಹಾಕಿ ಕೂರುವ ಅವಕಾಶ ಅದೊಂದೇ.

ಬೆಳಿಗ್ಗೆ ಹತ್ತಕ್ಕೇ ಅವನು ಓನರ್ ಚಿಕ್ಕಬೈರಪ್ಪನವರ ಬಾಗಿಲಲ್ಲಿ ಹಾಜರಾದ. ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ಎಲ್ಲ ಮನೆಗೂ ನೆಟ್ಟು ಹಂಚುತ್ತಿರುವ ಸ್ವಿಚ್ ಎಂಬ ಪೆಟ್ಟಿಗೆ ಸಾಮಾನ್ಯದ್ದಲ್ಲ, ಅದಕ್ಕೊಂದು ಪಟ್ಟಿ ಬರೆದುಕೊಟ್ಟರೆ ಯಾರ ಮನೆಗೆ ಏನು ಬಿಡಬೇಕು, ಏನು ತಡೆಯಬೇಕು ಎಂದು ಅದೇ ಸೋಸುತ್ತದೆ ಎಂದು ವಿವರಿಸಿದ. ಅದೇ ಜಾಗದಲ್ಲಿ ಒಂದು ಕಾಲಕ್ಕೆ ಸೊಪ್ಪು ಬೆಳೆದಿದ್ದ ಚಿಕ್ಕಬೈರಪ್ಪನವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

"ತೂಬು ಅನ್ನಪ್ಪ. ಯಾವ ಗದ್ದೆಗೆ ಎಷ್ಟು ನೀರು ಅಂತ. ನಮ್ಮಪ್ಪ ಜೀವಮಾನವೆಲ್ಲ ಅದನ್ನೇ ನೋಡ್ಕೊಂಡಿದ್ದು. ಮಾಡು," ಎಂದು ಬೀಗದ ಕೈ ಕೊಟ್ಟರು. ಹೆಂಡತಿ ಬೈರಮ್ಮನ ಧಾರಾವಾಹಿ ನಿಲ್ಲಬಾರದು ಎಂಬುದೊಂದೇ ಅವರ ಷರತ್ತು.

ಸಂಗಮೇಶ ಮೆಟ್ಟಿಲ ಕೆಳಗೆ ಲ್ಯಾಪ್‌ಟಾಪ್ ತೆರೆದ. ಮೊದಲ ಸಾಲಿನಲ್ಲಿ ತನ್ನ ರೂಮಿಗೆ ಪರ್ಮಿಟ್ ಬರೆದುಕೊಂಡ, ಅದರಲ್ಲಿ ಅವನಿಗೆ ಸಂಕೋಚವೇನೂ ಆಗಲಿಲ್ಲ. ಎರಡನೆಯ ಸಾಲಿನಲ್ಲಿ ಎಲ್ಲರಿಗೂ ವಿಡಿಯೋ ಬಂದ್, ಮೂರನೆಯದರಲ್ಲಿ ಬೈರಮ್ಮನ ಟಿವಿಗೆ ಪರ್ಮಿಟ್. ಸ್ವಿಚ್ಚು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ಕೊನೆಯವರೆಗೂ ಹೆಸರು ಸಿಗದವರಿಗೆ, ಯಾರೂ ಬರೆಯದಿದ್ದರೂ, ತಾನಾಗಿಯೇ ಬಾಗಿಲು ಹಾಕುತ್ತದೆ. ಹೀಗಾಗಿ ಎರಡನೆಯ ಸಾಲಿನಲ್ಲೇ ಬೈರಮ್ಮನ ಧಾರಾವಾಹಿಯ ನಾಯಕಿ ತಾಳಿ ಕಟ್ಟಿಸಿಕೊಳ್ಳುತ್ತಾ ಸ್ತಬ್ಧಳಾದಳು. ಬೈರಮ್ಮ ಸೌಟು ಹಿಡಿದೇ ಹೊರಬಂದರು. ಸಂಗಮೇಶ ಮೂರನೆಯ ಸಾಲನ್ನು ಎರಡನೆಯದರ ಮೇಲಕ್ಕೆ ಎತ್ತಿದ ಮೇಲೆಯೇ ಆ ಮದುವೆ ಮುಂದುವರಿಯಿತು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕೆಳಗಿನ ದಿನಸಿ ಅಂಗಡಿಯ ಪಿಳ್ಳಣ್ಣ ತನ್ನ ಕ್ಯಾಮೆರಾ ಕಪ್ಪಾಗಿದೆಯೆಂದು ಬಂದ. ಎರಡನೇ ಮಹಡಿಯ ಶೈಲಶ್ರೀ ಮೇಡಂ ಆನ್‌ಲೈನ್ ಸಂಗೀತ ಪಾಠದಲ್ಲಿ ಶಿಷ್ಯೆ ಪಲ್ಲವಿಯಲ್ಲೇ ಸಿಕ್ಕಿಕೊಂಡಿದ್ದಾಳೆಂದು ದೂರು ತಂದರು. ಮೂರನೇ ಮಹಡಿಯ ಮುತ್ತುರಾಜ ಮಾತ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ನಾನೂ ನಿಮ್ಮ ಕಡೆಯಾಂವ ಅಲ್ರೀ. ಮ್ಯಾಚ್ ಬಿಡ್ರಿ," ಎಂದು ಕಿವಿಯಲ್ಲಿ ಹೇಳಿದ. ಊರ ಕಡೆಯವನೆಂಬ ದಾಕ್ಷಿಣ್ಯಕ್ಕೆ ಸಂಗಮೇಶ ಅವನಿಗೆ ಸ್ಕೋರು ಬಿಟ್ಟ, ಚಿತ್ರ ಬಿಡಲಿಲ್ಲ.

ಕೇಳಿಕೊಂಡು ಬಂದವರಿಗೆಲ್ಲ ಒಂದೊಂದು ಸಾಲು ದೊರೆಯಿತು. ಬರದವರು ಮನೆಯಲ್ಲಿಲ್ಲ ಎಂದೇ ಲೆಕ್ಕ. ಎರಡು ವರ್ಷ ತನ್ನನ್ನು 'ಕ್ಯಾಮೆರಾ' ಎಂದು ಕರೆಯುತ್ತಿದ್ದ ಬಾಯಿಗಳೆಲ್ಲ ಅವತ್ತು 'ಸಾರ್' ಎಂದವು. ಸಂಗಮೇಶನಿಗೆ ಹೆಮ್ಮೆಯಾಯಿತು, ಬಹಳವೇ ಆಯಿತು. ಮ್ಯಾಚ್ ಕಳೆದುಕೊಂಡವರು ಗದ್ದಲವೆಬ್ಬಿಸಿದಾಗ ಚಿಕ್ಕಬೈರಪ್ಪನವರು ಸ್ವಿಚ್ಚಿನ ಮುಂದೆ ಕಾವಲು ನಿಂತು ಎಲ್ಲರನ್ನೂ ಮೂಲೆಯ ಟೀ ಅಂಗಡಿಯ ಟಿವಿಗೆ ಅಟ್ಟಿದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸಂಗಮೇಶ ಟೈ ಕಟ್ಟಿ ರೂಮಿನಲ್ಲಿ ಕೂತ. ನೆಟ್ಟು ಎಣ್ಣೆಯ ಹಾಗೆ ಹರಿಯುತ್ತಿತ್ತು. ಪರದೆಯಲ್ಲಿ ತನ್ನ ಮುಖ ಒಂದಿಷ್ಟೂ ಅಲುಗದೆ ನಿಂತದ್ದನ್ನು ಕಂಡು ಅವನಿಗೇ ಅವನ ಮೇಲೆ ಗೌರವ ಹುಟ್ಟಿತು. ನಾಲ್ಕಾಯಿತು. ಇಂಟರ್‌ವ್ಯೂ ಮಾಡುವವರು ಇನ್ನೂ ಬಂದಿಲ್ಲ ಎಂದು ಪರದೆ ಹೇಳಿತು. ನಾಲ್ಕೂ ಹತ್ತಕ್ಕೆ ಅದನ್ನೇ ಹೇಳಿತು, ನಾಲ್ಕೂ ಇಪ್ಪತ್ತಕ್ಕೂ ಅದನ್ನೇ. ದೊಡ್ಡ ಕಂಪನಿಯವರಿಗೂ ನೆಟ್ಟಿನ ತೊಂದರೆ ಇರುತ್ತದಲ್ಲ ಎಂದು ಅವನು ಮರುಕಪಟ್ಟ.

ಆಗ ಮೆಟ್ಟಿಲ ಕಡೆ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ, ಮೇಲೆ ಇಸ್ತ್ರಿ ಶರ್ಟು, ಕೆಳಗೆ ಬರ್ಮುಡಾ ತೊಟ್ಟ ಒಬ್ಬರು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಇವರು ಅನಂತಪದ್ಮನಾಭ ಅಂತ, ಮೊನ್ನೆ ಬುಧವಾರವಷ್ಟೇ ನಾಲ್ಕನೇ ಮಹಡಿಗೆ ಬಂದವರು ಎಂದು ಚಿಕ್ಕಬೈರಪ್ಪನವರು ಪರಿಚಯಿಸಿದರು. ಬೆಳಿಗ್ಗೆಯಿಂದ ಹೊರಗಿದ್ದು ಮನೆಗೆ ಬಂದರೆ ಅರ್ಧ ಗಂಟೆಯಿಂದ ನೆಟ್ಟಿಲ್ಲದೆ ಕೆಲಸ ಕೆಟ್ಟಿತು, ಇದನ್ನು ಮಾಡಿದ ಮಹಾನುಭಾವ ಯಾರು ಎಂಬುದು ಅವರ ಪ್ರಶ್ನೆ.

ಚಿಕ್ಕಬೈರಪ್ಪನವರು ಸಂಗಮೇಶನ ಹೆಗಲ ಮೇಲೆ ಕೈಯಿಟ್ಟರು. "ನಮ್ ಹುಡುಗ ಸಾರ್, ಸಂಗಮೇಶ. ಇಡೀ ಬಿಲ್ಡಿಂಗ್ ನೆಟ್ಟು ಇವನ ಕೈಲಿದೆ. ಇವನು ಬಿಡ್ದೆ ಒಂದು ಸೊಳ್ಳೇನೂ ಒಳಕ್ಕೆ ಬರಲ್ಲ."

ಅನಂತಪದ್ಮನಾಭ ತಮ್ಮ ಮೊಬೈಲನ್ನೊಮ್ಮೆ, ಅವನ ಟೈಯನ್ನೊಮ್ಮೆ ನೋಡಿದರು. "ನಾಲ್ಕು ಗಂಟೆಗೆ ನಾನು ಇಂಟರ್‌ವ್ಯೂ ಮಾಡ್ಬೇಕಿದ್ದ ಸಂಗಮೇಶ ನೀವೇನಾ?"

ಸಂಗಮೇಶ ಟೈ ಸರಿಮಾಡಿಕೊಂಡು ಹೌದೆಂದು ತಲೆಯಾಡಿಸಿದ.

"ಪಟ್ಟೀಲಿ ಇಲ್ದೋರ ಗತಿ ಏನು ಅಂತ ಗೊತ್ತಿತ್ತಾ?"

"ಗೊತ್ತಿತ್ರಿ ಸರ. ತಾನಾಗೇ ಬಂದ್ ಆಗ್ತದ."

"ಗೊತ್ತಿಲ್ಲ ಅಂದಿದ್ರೆ ಟ್ರೈನಿಂಗ್ ಆದ್ರೂ ಕೊಡ್ಬಹುದಿತ್ತು." ಅವರು ಗಡಿಯಾರ ನೋಡಿಕೊಂಡರು. "ಈಗ ನನ್ನ ಮನೇನೂ ಸೇರಿಸಿ, ಬೇಗ. ಇದೇ ಪೋಸ್ಟಿಗೆ ನಾಲ್ಕೂವರೆಗೆ ಇನ್ನೊಬ್ರು ಇದಾರೆ."

ಸಂಗಮೇಶ ಟೈ ಸಮೇತ ಮೆಟ್ಟಿಲ ಕೆಳಗೆ ಕೂತು ಆ ಸಾಲನ್ನು ಬರೆದ. ಅವತ್ತು ಅವನು ಬರೆದ ಸಾಲುಗಳಲ್ಲಿ ಒಂದೇ ಏಟಿಗೆ ಸರಿಹೋದದ್ದು ಅದೊಂದೇ.

"ನೋಡಿದ್ರಾ ಸಾರ್, ಎರಡೇ ನಿಮಿಷ," ಎಂದು ಚಿಕ್ಕಬೈರಪ್ಪನವರು ಮೆಟ್ಟಿಲು ಹತ್ತುತ್ತಿದ್ದವರಿಗೆ ಕೇಳಿಸುವಂತೆ ಎದೆಯುಬ್ಬಿಸಿ ಹೇಳಿದರು.