ಕೊನೆಗೆ ಬಡಿಸಬೇಕಾದ ಸೂಪು

"ಮೂವತ್ತೆಂಟು ವರ್ಷ ರೈಲು ಓಡಿಸಿದವನಿಗೆ ಒಂದು ಪಾತ್ರೆ ಇಳಿಸೋಕೆ ಬರಲ್ವೇನೇ? ನೀನು ನಿಶ್ಚಿಂತೆಯಾಗಿ ಹೋಗಿ ಬಾ!"

ಹೀಗೆ ಎದೆ ತಟ್ಟಿಕೊಂಡವರು ಅಸ್ತೋರ್ಗಾ ಸ್ಟೇಷನ್ನಿನ ನಿವೃತ್ತ ಗಾರ್ಡ್ ಎವೆಲಿಯೊ ಸಾಹೇಬರು. ನಿಜ ಹೇಳಬೇಕೆಂದರೆ ರೈಲು ಓಡಿಸಿದ್ದು ಡ್ರೈವರು, ಇವರು ಬಾವುಟ ತೋರಿಸಿದ್ದಷ್ಟೇ. ಆದರೆ ಸ್ವಂತ ಹೆಂಡತಿಯ ಮುಂದೆ ಅಷ್ಟೂ ಕೊಚ್ಚಿಕೊಳ್ಳಬಾರದೆಂದರೆ ಹೇಗೆ!

ಹೆಂಡತಿ ಒಬ್ದೂಲಿಯಾ ಮನೆಯ ಮುಂಗೋಣೆಯಲ್ಲೇ ನಾಲ್ಕು ಮೇಜಿನ ಖಾನಾವಳಿ ನಡೆಸುವಾಕೆ. ಊರೂರು ಸುತ್ತಿ ಊಟದ ಬಗ್ಗೆ ಪತ್ರಿಕೆಗೆ ಬರೆಯುವ ನಿಯೆವೆಸ್ ಮೇಡಂ ತನ್ನ ಮನೆಗೂ ಬರಲಿ ಎಂದು ಮೂರು ವರ್ಷದಿಂದ ಕಾದಿದ್ದಳು. ಕೊನೆಗೂ ಅವರು ಬರುತ್ತೇನೆಂದರು. ಯಾವತ್ತು? ಚರ್ಚಿನಲ್ಲಿ ತಂಗಿಯ ಮೊಮ್ಮಗುವಿನ ಜ್ಞಾನಸ್ನಾನವಿದ್ದ ಭಾನುವಾರವೇ! ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದ ಧರ್ಮಮಾತೆ ಒಬ್ದೂಲಿಯಾಳೇ.

ನಸುಕಿನಲ್ಲೇ ಎದ್ದು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಹಂದಿಯ ಕಿವಿ, ಕಾಲು, ಕೋಳಿ, ಸಾಸೇಜು, ಕಡಲೆಕಾಳು ಎಲ್ಲ ಅದರೊಳಗೆ. ಮಾಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು.

"ರೀ, ಮಾಂಸ, ಕಾಳು ಎಲ್ಲರ ಮನೇಲೂ ಒಂದೇ. ಮನೆತನ ಗೊತ್ತಾಗೋದು ಸೂಪಲ್ಲಿ. ನಮ್ಮಮ್ಮನ ಹೆಸರು ಅದರಲ್ಲಿದೆ. ಜೋಪಾನ! ಚೀಟಿ ಪೂರ್ತಿ ಓದ್ಕೊಳ್ಳಿ."

"ಗಾರ್ಡ್ ಆದವನು ಒಂದು ಸಿಗ್ನಲ್ ದಾಟಿದ ಮೇಲೇನೇ ಇನ್ನೊಂದು ನೋಡೋದು. ಅದೇ ಶಿಸ್ತು!" ಎಂದರು ಸಾಹೇಬರು.

ಆ ಶಿಸ್ತೇ ಮುಳುವಾಯಿತು. ಒಂದು ಗಂಟೆಗೆ ಸರಿಯಾಗಿ ಚೀಟಿಯ ಮೊದಲ ಸಾಲು ಓದಿದರು: 'ಎಲ್ಲವನ್ನೂ ಸೋಸಿ.' ತೂತಿನ ಪಾತ್ರೆಯನ್ನು ಸಿಂಕಿನಲ್ಲಿಟ್ಟು, ಉಸಿರು ಬಿಗಿಹಿಡಿದು, ಒಂದು ಹನಿಯೂ ಉಳಿಯದಂತೆ ಬಗ್ಗಿಸಿದರು. ಮಾಂಸ, ಕಾಳು ಮೇಲೆ ನಿಂತವು. ಏಳು ಗಂಟೆ ಕುದ್ದ ಚಿನ್ನದ ಬಣ್ಣದ ರಸ ಗುಳುಗುಳು ಸದ್ದು ಮಾಡುತ್ತ ಹೊರಟುಹೋಯಿತು. ತೃಪ್ತಿಯಿಂದ ಕೈ ಒರೆಸಿಕೊಂಡು ಎರಡನೆಯ ಸಾಲು ಓದಿದರು.

'ಸೋಸಿದ ರಸಕ್ಕೆ ಶಾವಿಗೆ ಹಾಕಿದರೆ ಸೂಪು.'

ಸಾಹೇಬರು ಥಟ್ಟನೆ ಬಗ್ಗಿದರು. ಸಿಂಕಿನ ತೂತಿಗೆ ಕಣ್ಣಿಟ್ಟು ನೋಡಿದರು. ಹೋದ ರೈಲು ಅದು, ಬಾವುಟ ಬೀಸಿದರೆ ವಾಪಸ್ ಬರುತ್ತದೆಯೇ? ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನಿಯೆವೆಸ್ ಮೇಡಂ!

ಪುಣ್ಯಕ್ಕೆ ಅಸ್ತೋರ್ಗಾ ಸುತ್ತಲಿನ ಮರಗಾತ ಸೀಮೆಯ ಊಟವೇ ತಿರುವುಮುರುವು. ಮೊದಲು ಮಾಂಸ, ಆಮೇಲೆ ಕಡಲೆಕಾಳು-ಎಲೆಕೋಸು, ಎಲ್ಲಕ್ಕಿಂತ ಕೊನೆಗೆ ಸೂಪು. ಅಂದರೆ ಇನ್ನೂ ಸಮಯವಿದೆ! ಅತಿಥಿಗೆ ಸೂಪು ಬೇಕೇ ಆಗದ ಹಾಗೆ ಮಾಡಿಬಿಟ್ಟರೆ? ಸಾಹೇಬರ ಬುದ್ಧಿ ಎಕ್ಸ್‌ಪ್ರೆಸ್ ವೇಗದಲ್ಲಿ ಓಡಿತು.

"ಇನ್ನೊಂದು ಕಿವಿ, ಮೇಡಂ!"

"ಅಯ್ಯೋ, ಆಗಲೇ ಎರಡು ಕಿವಿ ತಿಂದಿದೀನಿ."

"ಇದು ಬೇರೆ ಹಂದೀದು, ಅದರ ರುಚಿನೇ ಬೇರೆ!"

ಕೋಳಿಯ ತೊಡೆ ಬಿತ್ತು. ಅದರ ಮೇಲೆ ಸಾಸೇಜು. ಮೇಡಂ ತಟ್ಟೆಗೆ ಕೈ ಅಡ್ಡ ಹಿಡಿದರೆ ಸಾಹೇಬರು ಬೆರಳ ಸಂದಿಯಲ್ಲಿ ಕಡಲೆಕಾಳು ಸುರಿದರು. ಮೇಡಂ ಮೊದಲು ಟಿಪ್ಪಣಿ ಪುಸ್ತಕ ಮುಚ್ಚಿದರು, ಆಮೇಲೆ ಪೆನ್ನು ಕೆಳಗಿಟ್ಟರು, ಆಮೇಲೆ ಮೆಲ್ಲಗೆ ಸೊಂಟದ ಬೆಲ್ಟು ಸಡಿಲಿಸಿದರು.

"ಇನ್ನು ನಮ್ಮನೆ ಸೂಪು ತರಲಾ?" ಎಂದು ಕೇಳಿದರು ಸಾಹೇಬರು.

"ದಮ್ಮಯ್ಯ, ಬೇಡ! ಒಂದು ಚಮಚ ಇಳಿದರೂ ನಾನು ಒಡೆದುಹೋಗ್ತೀನಿ!"

"ಛೆ, ಎಂಥಾ ಸೂಪು ಗೊತ್ತಾ! ಹೋಗಲಿ ಬಿಡಿ, ಬಲವಂತ ಮಾಡಬಾರದು."

ಗೆದ್ದೆ! ಸಾಹೇಬರು ಒಳಗೊಳಗೇ ಕುಣಿದರು. ಆಗ ಬಾಗಿಲಲ್ಲಿ ಒಬ್ದೂಲಿಯಾ ಬಂದು ನಿಂತಳು. ಕೊರಳಲ್ಲಿ ಮುತ್ತಿನ ಸರ, ಮುಖದಲ್ಲಿ ಸಿಡಿಲು.

"ಸೂಪು ಹೇಗಿತ್ತು ಮೇಡಂ?"

"ಹೊಟ್ಟೇಲಿ ಜಾಗವೇ ಇರಲಿಲ್ಲ ಕಣಮ್ಮ."

ಒಬ್ದೂಲಿಯಾ ಗಂಡನ ಕಡೆ ತಿರುಗಿದಳು. "ಬೀದಿ ತಿರುವಿಗೇ ಅಮ್ಮನ ಸೂಪಿನ ಘಮಲು ಬಂತು. ಕಣ್ಣಲ್ಲಿ ನೀರು ಬಂತು ರೀ! ಹತ್ತಿರ ಬಂದು ನೋಡಿದ್ರೆ ಘಮಲು ಬರ್ತಿರೋದು ಕಿಟಕಿಯಿಂದಲ್ಲ, ಚರಂಡಿಯಿಂದ! ಊರಿನ ಬೆಕ್ಕುಗಳೆಲ್ಲ ಅಲ್ಲೇ ಪಂಕ್ತಿ ಕೂತಿವೆ!"

ಮೇಡಂ ಕಷ್ಟಪಟ್ಟು ಎದ್ದು ಹೊರಗೆ ಇಣುಕಿದರು. ತುಂಬಾ ಹೊತ್ತು ನೋಡಿದರು. ಟಿಪ್ಪಣಿ ಪುಸ್ತಕ ತೆರೆದು ಎರಡು ಸಾಲು ಗೀಚಿಕೊಂಡು ಹೊರಟುಹೋದರು.

ಆಮೇಲೆ ನಾಲ್ಕು ದಿನ ಒಬ್ದೂಲಿಯಾ ಗಂಡನೊಡನೆ ಮಾತಾಡಲಿಲ್ಲ. ಅಮ್ಮನ ಹೆಸರು ಚರಂಡಿ ಪಾಲಾಯಿತಲ್ಲ ಎಂಬ ಸಂಕಟ ಅವಳಿಗೆ. ಅವಳ ಮುಖ ನೋಡಿದಾಗಲೆಲ್ಲ ಸಾಹೇಬರು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದರು. ಗುರುವಾರ ಪತ್ರಿಕೆ ಬಂತು. ಅವಳೇ ಜೋರಾಗಿ ಓದಿದಳು:

"'ಈ ಮನೆಯ ಸೂಪನ್ನು ನಾನು ಕುಡಿಯಲಿಲ್ಲ. ಆದರೆ ಅದನ್ನು ಕುಡಿದ ಹನ್ನೊಂದು ಬೆಕ್ಕುಗಳನ್ನು ಕಂಡೆ. ಟ್ರ್ಯಾಕ್ಟರ್ ಹಾರ್ನ್ ಹೊಡೆದರೂ ಒಂದೂ ತಲೆಯೆತ್ತಲಿಲ್ಲ. ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸೂಪು ಇರಲಾರದು. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ, ಖಾಲಿ ಹೊಟ್ಟೆಯಲ್ಲಿ.'"

ಒಬ್ದೂಲಿಯಾ ಕಣ್ಣೊರೆಸಿಕೊಂಡು ನಕ್ಕಳು. ಸಾಹೇಬರ ಎದೆ ಮತ್ತೆ ಉಬ್ಬಿತು.

"ನೋಡಿದ್ಯಾ? ಹಾಗಾದ್ರೆ ಭಾನುವಾರದ ಅಡುಗೆಗೂ ನಾನೇ ತಾನೇ?"

"ನೀವೇ ರೀ," ಎಂದಳು ಒಬ್ದೂಲಿಯಾ, ಪತ್ರಿಕೆ ಮಡಿಸುತ್ತ. "ಬೆಕ್ಕುಗಳಿಗೆ."